ಐರೋಪ್ಯ ಒಕ್ಕೂಟದ ಅಭ್ಯರ್ಥಿ ರಾಷ್ಟ್ರಗಳು

ಐರೋಪ್ಯ ಒಕ್ಕೂಟದ ಸದಸ್ಯತ್ವವನ್ನು ಕೋರಿ ಅರ್ಜಿ ಸಲ್ಲಿಸಿರುವ, ಒಕ್ಕೂಟವು ವಿಧಿವತ್ತಾಗಿ ಅಭ್ಯರ್ಥಿಯೆಂದು ಒಪ್ಪಿಕೊಂಡಿರುವ, ಆದರೆ ಇನ್ನೂ ಸದಸ್ಯತ್ವ ದೊರೆಯದ ದೇಶಗಳನ್ನು ಐರೋಪ್ಯ ಒಕ್ಕೂಟದ ಅಭ್ಯರ್ಥಿ ರಾಷ್ಟ್ರಗಳು ಎಂದು ಕರೆಯಲಾಗುತ್ತದೆ. ಪ್ರಸ್ತುತ ಈ ಪಟ್ಟಿಯಲ್ಲಿ ಒಂಬತ್ತು ದೇಶಗಳಿವೆ: ಅಲ್ಬೇನಿಯಾ, ಉಕ್ರೇನ್, ಉತ್ತರ ಮ್ಯಾಸಿಡೋನಿಯಾ, ಜಾರ್ಜಿಯಾ, ಟರ್ಕಿ, ಬೋಸ್ನಿಯಾ ಮತ್ತು ಹರ್ಜೆಗೊವಿನಾ, ಮಾಂಟೆನೆಗ್ರೊ, ಮಾಲ್ಡೋವಾ ಹಾಗೂ ಸರ್ಬಿಯಾ. ಕೊಸೊವೊ ಅರ್ಜಿ ಸಲ್ಲಿಸಿದ್ದರೂ ಅದಕ್ಕೆ ಅಭ್ಯರ್ಥಿಯ ಸ್ಥಾನ ದೊರೆತಿಲ್ಲ. ಅದನ್ನು ಸಂಭಾವ್ಯ ಅಭ್ಯರ್ಥಿ ಎಂದು ಪರಿಗಣಿಸಲಾಗಿದೆ.

ಅಭ್ಯರ್ಥಿಯಾಗುವುದೆಂದರೆ ಸದಸ್ಯತ್ವದ ಭರವಸೆ ದೊರೆತಂತಲ್ಲ. 1999ರಲ್ಲಿ ಅಭ್ಯರ್ಥಿಯಾದ ಟರ್ಕಿ ಇಂದಿಗೂ ಅಭ್ಯರ್ಥಿಯಾಗಿಯೇ ಇದೆ. ಅರ್ಹತೆಯ ನಿಯಮಗಳು ಎಲ್ಲರಿಗೂ ಒಂದೇ ಆಗಿದ್ದರೂ ಪ್ರತಿಯೊಂದು ಹಂತದಲ್ಲಿ ಎಲ್ಲ ಸದಸ್ಯ ರಾಷ್ಟ್ರಗಳ ಸರ್ವಾನುಮತ ಬೇಕಾಗಿರುವುದರಿಂದ, ಒಂದು ದೇಶದ ಪ್ರಗತಿಯು ಅದು ಕೈಗೊಂಡ ಸುಧಾರಣೆಗಳನ್ನು ಮಾತ್ರವಲ್ಲದೆ ಅದರ ನೆರೆಹೊರೆಯವರ ಮನಸ್ಸನ್ನೂ ಅವಲಂಬಿಸಿದೆ.

ಹಿನ್ನೆಲೆ

ಇಂದಿನ ಒಕ್ಕೂಟದ ಮೂಲವು 1951ರ ಪ್ಯಾರಿಸ್ ಒಪ್ಪಂದದಿಂದ ಹುಟ್ಟಿದ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದಲ್ಲಿದೆ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಇದರ ಸ್ಥಾಪಕ ಸದಸ್ಯರು. 1957ರ ರೋಮ್ ಒಪ್ಪಂದವು ಆರ್ಥಿಕ ಸಮುದಾಯವನ್ನು ರೂಪಿಸಿತು. 1992ರಲ್ಲಿ ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದವು 1993ರ ನವೆಂಬರ್ 1ರಂದು ಜಾರಿಗೆ ಬಂದು ‘ಒಕ್ಕೂಟ’ ಎಂಬ ಹೆಸರನ್ನು ನೀಡಿತು.

1973ರಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಡೆನ್ಮಾರ್ಕ್, 1981ರಲ್ಲಿ ಗ್ರೀಸ್, 1986ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್, 1995ರಲ್ಲಿ ಆಸ್ಟ್ರಿಯಾ, ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ಸೇರಿದವು. ಎಲ್ಲಕ್ಕಿಂತ ದೊಡ್ಡ ವಿಸ್ತರಣೆ ನಡೆದದ್ದು 2004ರ ಮೇ 1ರಂದು. ಅಂದು ಒಮ್ಮೆಗೇ ಹತ್ತು ದೇಶಗಳು ಸೇರ್ಪಡೆಯಾದವು. ಅವುಗಳಲ್ಲಿ ಎಂಟು ಹಿಂದೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದವು. 2007ರಲ್ಲಿ ಬಲ್ಗೇರಿಯಾ ಮತ್ತು ರೊಮೇನಿಯಾ, 2013ರ ಜುಲೈ 1ರಂದು ಕ್ರೊಯೇಷಿಯಾ ಒಳಬಂದವು. ಆಮೇಲೆ ಯಾವ ದೇಶವೂ ಸೇರಿಲ್ಲ. 2020ರ ಜನವರಿ 31ರಂದು ಬ್ರಿಟನ್ ಹೊರನಡೆದ ಮೇಲೆ ಸದಸ್ಯರ ಸಂಖ್ಯೆ 27ಕ್ಕೆ ಇಳಿಯಿತು.

ಬ್ರಿಟನ್ನಿನ ಪ್ರವೇಶವೇ ಸುಲಭವಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ 1963ರಲ್ಲೊಮ್ಮೆ, 1967ರಲ್ಲಿ ಮತ್ತೊಮ್ಮೆ ಅದರ ಅರ್ಜಿಯನ್ನು ತಡೆದಿದ್ದರು. ಬಾಗಿಲಲ್ಲಿ ಕಾಯಿಸುವ ಪರಿಪಾಠವು ಬಾಲ್ಕನ್ ದೇಶಗಳಿಂದ ಆರಂಭವಾದುದಲ್ಲ.

ಅರ್ಹತೆಯ ಮಾನದಂಡಗಳು

ಒಕ್ಕೂಟದ ಮೂಲ ಒಪ್ಪಂದದ 49ನೆಯ ವಿಧಿಯ ಪ್ರಕಾರ, ಮಾನವ ಘನತೆ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಸಮಾನತೆ, ಕಾನೂನಿನ ಆಳ್ವಿಕೆ ಮತ್ತು ಮಾನವ ಹಕ್ಕುಗಳೆಂಬ ಮೌಲ್ಯಗಳನ್ನು ಗೌರವಿಸುವ ಯಾವುದೇ ಐರೋಪ್ಯ ದೇಶವು ಅರ್ಜಿ ಸಲ್ಲಿಸಬಹುದು. ‘ಐರೋಪ್ಯ’ ಎಂಬ ಮಾತಿನ ಎಲ್ಲೆಯನ್ನು ಒಪ್ಪಂದ ಹೇಳುವುದಿಲ್ಲ. 1987ರಲ್ಲಿ ಮೊರಾಕ್ಕೊ ಸಲ್ಲಿಸಿದ ಅರ್ಜಿಯನ್ನು ಅದು ಯುರೋಪಿನ ದೇಶವಲ್ಲವೆಂಬ ಕಾರಣದಿಂದ ತಳ್ಳಿಹಾಕಲಾಯಿತು. ಅದೇ ವರ್ಷ ಅರ್ಜಿ ಹಾಕಿದ, ಬಹುಪಾಲು ಏಷ್ಯಾದಲ್ಲಿರುವ ಟರ್ಕಿಗೆ ಈ ಆಕ್ಷೇಪ ಅಡ್ಡಬರಲಿಲ್ಲ. ಭೂಪಟವೂ ರಾಜಕೀಯದ ಮಾತನ್ನು ಕೇಳುತ್ತದೆ.

1993ರ ಜೂನ್‌ನಲ್ಲಿ ಡೆನ್ಮಾರ್ಕಿನ ರಾಜಧಾನಿಯಲ್ಲಿ ನಡೆದ ಶೃಂಗಸಭೆಯು ಅರ್ಹತೆಯನ್ನು ಸ್ಪಷ್ಟಪಡಿಸಿತು. ಇವು ಕೋಪನ್‌ಹೇಗನ್ ಮಾನದಂಡಗಳೆಂದು ಪ್ರಸಿದ್ಧವಾಗಿವೆ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ ಮತ್ತು ಅಲ್ಪಸಂಖ್ಯಾತರ ರಕ್ಷಣೆಯನ್ನು ಖಾತರಿಪಡಿಸುವ ಸ್ಥಿರ ಸಂಸ್ಥೆಗಳಿರಬೇಕು. ಸ್ಪರ್ಧೆಯನ್ನು ತಾಳಿಕೊಳ್ಳಬಲ್ಲ ಮಾರುಕಟ್ಟೆ ಅರ್ಥವ್ಯವಸ್ಥೆ ಇರಬೇಕು. ಒಕ್ಕೂಟದ ಸಮಸ್ತ ಕಾನೂನುಗಳನ್ನು ಅಳವಡಿಸಿಕೊಂಡು ಸದಸ್ಯತ್ವದ ಹೊಣೆಗಳನ್ನು ಹೊರುವ ಶಕ್ತಿಯಿರಬೇಕು. ಇವುಗಳ ಜೊತೆಗೆ, ಹೊಸಬರನ್ನು ಒಳಗೊಳ್ಳುವ ಸಾಮರ್ಥ್ಯ ಒಕ್ಕೂಟಕ್ಕೆ ಇದೆಯೇ ಎಂಬ ಪ್ರಶ್ನೆಯನ್ನೂ ಆ ಸಭೆ ಎತ್ತಿತು. ಈ ಕೊನೆಯ ಅಂಶವು ಅಭ್ಯರ್ಥಿಯ ಕೈಯಲ್ಲಿಲ್ಲ.

ದಕ್ಷಿಣ ಏಷ್ಯಾದ ಸಾರ್ಕ್ ಸಂಘಟನೆಯೊಂದಿಗೆ ಹೋಲಿಸಿದರೆ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ. ಸಾರ್ಕ್ ಸರ್ಕಾರಗಳ ನಡುವಿನ ಸಹಕಾರದ ವೇದಿಕೆ. 2007ರಲ್ಲಿ ಅದನ್ನು ಸೇರಿದ ಅಫ್ಘಾನಿಸ್ತಾನವು ತನ್ನ ದೇಶದ ಕಾನೂನುಗಳನ್ನು ಬೇರೆಯವರ ಕಾನೂನಿಗೆ ಹೊಂದಿಸಬೇಕಾಗಿ ಬರಲಿಲ್ಲ. ಐರೋಪ್ಯ ಒಕ್ಕೂಟದ ಕಾನೂನಾದರೋ ಸದಸ್ಯ ದೇಶಗಳ ಕಾನೂನಿಗಿಂತ ಮೇಲಿನದು. ಆದ್ದರಿಂದಲೇ ಅಲ್ಲಿ ಪ್ರವೇಶಕ್ಕೆ ಮುನ್ನ ಇಷ್ಟು ದೀರ್ಘ ಪರೀಕ್ಷೆ.

ಅರ್ಜಿಯಿಂದ ಪ್ರವೇಶದವರೆಗೆ

ಅರ್ಜಿ ಬಂದ ಮೇಲೆ ಐರೋಪ್ಯ ಆಯೋಗವು ಅರ್ಜಿದಾರ ದೇಶಕ್ಕೆ ಪ್ರಶ್ನಾವಳಿಯನ್ನು ಕಳುಹಿಸುತ್ತದೆ. ನ್ಯಾಯಾಂಗದಿಂದ ಹಿಡಿದು ಮೀನುಗಾರಿಕೆಯವರೆಗೆ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಬೋಸ್ನಿಯಾಕ್ಕೆ 2016ರ ಡಿಸೆಂಬರ್‌ನಲ್ಲಿ ಕೊಟ್ಟ ಪ್ರಶ್ನಾವಳಿಯಲ್ಲಿ 3,000ಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಉತ್ತರಿಸಲು ಆ ದೇಶಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಉತ್ತರಗಳನ್ನು ಪರಿಶೀಲಿಸಿ ಆಯೋಗವು ತನ್ನ ಅಭಿಪ್ರಾಯವನ್ನು ನೀಡುತ್ತದೆ. ಅದರ ಮೇಲೆ ಸದಸ್ಯ ರಾಷ್ಟ್ರಗಳ ನಾಯಕರ ಸಭೆಯಾದ ಐರೋಪ್ಯ ಮಂಡಳಿಯು ಅಭ್ಯರ್ಥಿಯ ಸ್ಥಾನವನ್ನು ನೀಡುತ್ತದೆ. (ಸ್ಟ್ರಾಸ್‌ಬರ್ಗ್‌ನಲ್ಲಿ ಕೇಂದ್ರ ಕಚೇರಿಯಿರುವ ‘ಯುರೋಪ್ ಪರಿಷತ್ತು’ ಬೇರೆಯೇ ಒಂದು ಸಂಸ್ಥೆ. ಎರಡನ್ನೂ ಒಂದೆಂದು ಭಾವಿಸುವುದು ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು.)

ಮುಂದಿನ ಹಂತ ಪ್ರವೇಶ ಮಾತುಕತೆಗಳದು. ‘ಮಾತುಕತೆ’ ಎಂಬ ಹೆಸರಿದ್ದರೂ ಇಲ್ಲಿ ಚೌಕಾಸಿಗೆ ಅವಕಾಶ ಕಡಿಮೆ. ಒಕ್ಕೂಟದ ಕಾನೂನುಗಳೇನೋ ಇದ್ದಂತೆಯೇ ಇರುತ್ತವೆ. ಅವುಗಳನ್ನು ಯಾವಾಗ, ಹೇಗೆ ಜಾರಿಗೆ ತರುವುದು, ಎಷ್ಟು ವರ್ಷಗಳ ವಿನಾಯಿತಿ ಎಂಬುದಷ್ಟೇ ಚರ್ಚೆಯ ವಿಷಯ. ಈ ಕಾನೂನು ಸಮುಚ್ಚಯವನ್ನು 35 ಅಧ್ಯಾಯಗಳಾಗಿ ವಿಂಗಡಿಸಲಾಗಿದೆ. 2020ರಲ್ಲಿ ಜಾರಿಗೆ ತಂದ ಪರಿಷ್ಕೃತ ಕ್ರಮದಲ್ಲಿ ಹೆಚ್ಚಿನ ಅಧ್ಯಾಯಗಳನ್ನು ಆರು ಗುಚ್ಛಗಳಲ್ಲಿ ಜೋಡಿಸಲಾಯಿತು. ‘ಮೂಲಾಂಶಗಳು’ ಎಂಬ ಗುಚ್ಛದಲ್ಲಿ ನ್ಯಾಯಾಂಗ ಮತ್ತು ಮೂಲಭೂತ ಹಕ್ಕುಗಳ 23ನೆಯ ಅಧ್ಯಾಯ, ನ್ಯಾಯ ಮತ್ತು ಭದ್ರತೆಯ 24ನೆಯ ಅಧ್ಯಾಯಗಳಿವೆ. ಈ ಗುಚ್ಛ ಎಲ್ಲಕ್ಕಿಂತ ಮೊದಲು ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚುತ್ತದೆ. ಮುಚ್ಚಿದ ಅಧ್ಯಾಯವೂ ‘ತಾತ್ಕಾಲಿಕವಾಗಿ’ ಮುಚ್ಚಿದ್ದೇ ಹೊರತು ಶಾಶ್ವತವಾಗಿ ಅಲ್ಲ. ದೇಶವು ಹಿಂದೆ ಜಾರಿದರೆ ಅದನ್ನು ಮತ್ತೆ ತೆರೆಯಬಹುದು.

ಎಲ್ಲ ಅಧ್ಯಾಯಗಳೂ ಮುಗಿದ ಬಳಿಕ ಪ್ರವೇಶ ಒಪ್ಪಂದ ಸಿದ್ಧವಾಗುತ್ತದೆ. ಐರೋಪ್ಯ ಸಂಸತ್ತಿನ ಸಮ್ಮತಿ ಪಡೆದು, ಎಲ್ಲ ಸದಸ್ಯ ರಾಷ್ಟ್ರಗಳೂ ಅಭ್ಯರ್ಥಿ ರಾಷ್ಟ್ರವೂ ಅದನ್ನು ತಮ್ಮ ತಮ್ಮ ಸಂವಿಧಾನದ ಪ್ರಕಾರ ಸ್ಥಿರೀಕರಿಸಬೇಕು. ಫಿನ್‌ಲ್ಯಾಂಡ್ 1992ರಲ್ಲಿ ಅರ್ಜಿ ಹಾಕಿ ಮೂರು ವರ್ಷ ತುಂಬುವುದರೊಳಗೆ ಸದಸ್ಯನಾಯಿತು. ಕ್ರೊಯೇಷಿಯಾಕ್ಕೆ ಹತ್ತು ವರ್ಷ ಬೇಕಾಯಿತು.

ಸರ್ವಾನುಮತದ ತೊಡಕು

ಅಭ್ಯರ್ಥಿಯ ಸ್ಥಾನ ನೀಡಲು, ಮಾತುಕತೆ ಆರಂಭಿಸಲು, ಪ್ರತಿಯೊಂದು ಗುಚ್ಛವನ್ನು ತೆರೆಯಲು, ಪ್ರತಿಯೊಂದು ಅಧ್ಯಾಯವನ್ನು ಮುಚ್ಚಲು ಎಲ್ಲ 27 ಸದಸ್ಯರ ಒಪ್ಪಿಗೆ ಅಗತ್ಯ. ಹೀಗಾಗಿ ಒಬ್ಬ ಸದಸ್ಯನು ತನ್ನ ಹಳೆಯ ದ್ವಿಪಕ್ಷೀಯ ವ್ಯಾಜ್ಯವನ್ನು ಇತ್ಯರ್ಥಪಡಿಸಿಕೊಳ್ಳಲು ಈ ಅಧಿಕಾರವನ್ನು ಬಳಸಿಕೊಳ್ಳಬಹುದು. ಪಿರಾನ್ ಕೊಲ್ಲಿಯ ಗಡಿ ವಿವಾದದಿಂದಾಗಿ ಸ್ಲೊವೇನಿಯಾವು 2008–09ರಲ್ಲಿ ಕ್ರೊಯೇಷಿಯಾದ ಮಾತುಕತೆಗಳನ್ನು ತಿಂಗಳುಗಟ್ಟಲೆ ತಡೆಹಿಡಿದಿತ್ತು. ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಿದ ಮೇಲೆಯೇ ದಾರಿ ತೆರೆಯಿತು.

ಉತ್ತರ ಮ್ಯಾಸಿಡೋನಿಯಾದ ಕಥೆ ಇದಕ್ಕಿಂತಲೂ ಕಠಿಣವಾದುದು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರ್ಪಟ್ಟ ಈ ದೇಶ ತನ್ನನ್ನು ‘ಮ್ಯಾಸಿಡೋನಿಯಾ ಗಣರಾಜ್ಯ’ ಎಂದು ಕರೆದುಕೊಂಡಿತು. ತನ್ನ ಉತ್ತರ ಪ್ರಾಂತಕ್ಕೂ ಅದೇ ಹೆಸರಿದೆ, ಅಲೆಕ್ಸಾಂಡರನ ಪರಂಪರೆ ತನ್ನದು ಎಂದು ಗ್ರೀಸ್ ಆಕ್ಷೇಪಿಸಿತು. 1993ರಲ್ಲಿ ವಿಶ್ವಸಂಸ್ಥೆಯನ್ನು ಸೇರುವಾಗ ‘ಹಿಂದಿನ ಯುಗೊಸ್ಲಾವಿಯಾದ ಮ್ಯಾಸಿಡೋನಿಯಾ ಗಣರಾಜ್ಯ’ ಎಂಬ ತಾತ್ಕಾಲಿಕ ಹೆಸರನ್ನು ಒಪ್ಪಿಕೊಳ್ಳಬೇಕಾಯಿತು. 1995ರಲ್ಲಿ ಧ್ವಜವನ್ನೂ ಬದಲಿಸಬೇಕಾಯಿತು. 2001ರಲ್ಲಿ ಒಕ್ಕೂಟದೊಂದಿಗೆ ‘ಸ್ಥಿರೀಕರಣ ಮತ್ತು ಸಹಯೋಗ ಒಪ್ಪಂದ’ಕ್ಕೆ ಆ ಪ್ರದೇಶದಲ್ಲಿ ಎಲ್ಲರಿಗಿಂತ ಮೊದಲು ಸಹಿ ಹಾಕಿದ ದೇಶ ಇದು. 2004ರಲ್ಲಿ ಅರ್ಜಿ, 2005ರ ಡಿಸೆಂಬರ್‌ನಲ್ಲಿ ಅಭ್ಯರ್ಥಿಯ ಸ್ಥಾನ. 2009ರಿಂದ ಆಯೋಗವು ಮಾತುಕತೆ ಆರಂಭಿಸುವಂತೆ ಶಿಫಾರಸು ಮಾಡುತ್ತಲೇ ಬಂದರೂ ಗ್ರೀಸ್ ಒಪ್ಪಲಿಲ್ಲ.

2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದವಾಯಿತು. ಆಗ ಪ್ರಧಾನಿಗಳಾಗಿದ್ದ ಜೋರಾನ್ ಜಾಯೆವ್ ಮತ್ತು ಅಲೆಕ್ಸಿಸ್ ಸಿಪ್ರಾಸ್ ತಮ್ಮ ತಮ್ಮ ದೇಶಗಳಲ್ಲಿ ತೀವ್ರ ವಿರೋಧವನ್ನು ಎದುರಿಸಿ ಇದನ್ನು ಸಾಧಿಸಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಒಪ್ಪಿದರೂ ಮತದಾನವಾದದ್ದು ಶೇ. 37ರಷ್ಟು ಮಾತ್ರ. ಕೊನೆಗೆ ಸಂಸತ್ತೇ ಸಂವಿಧಾನವನ್ನು ತಿದ್ದಿತು. 2019ರ ಫೆಬ್ರುವರಿಯಲ್ಲಿ ದೇಶದ ಹೆಸರು ಉತ್ತರ ಮ್ಯಾಸಿಡೋನಿಯಾ ಎಂದಾಯಿತು.

ಹೆಸರನ್ನೇ ಬಿಟ್ಟುಕೊಟ್ಟ ಮೇಲೆ ಬಾಗಿಲು ತೆರೆಯುತ್ತದೆಂದು ಭಾವಿಸುವುದು ಸಹಜ. ಆದರೆ 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್, ವಿಸ್ತರಣೆಯ ವಿಧಾನವೇ ಮೊದಲು ಬದಲಾಗಬೇಕೆಂದು ತಡೆಯೊಡ್ಡಿತು. 2020ರ ಮಾರ್ಚ್‌ನಲ್ಲಿ ಆ ತಡೆ ನಿವಾರಣೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಲ್ಗೇರಿಯಾ ಅಡ್ಡಬಂದಿತು. ಮ್ಯಾಸಿಡೋನಿಯನ್ ಭಾಷೆಯು ಬಲ್ಗೇರಿಯನ್ನಿನ ಒಂದು ರೂಪವೆಂಬುದು ಆ ದೇಶದ ನಿಲುವು. ಇತಿಹಾಸದ ವ್ಯಾಖ್ಯಾನದ ಬಗೆಗೂ ಅದಕ್ಕೆ ಆಕ್ಷೇಪಗಳಿದ್ದವು. ಫ್ರಾನ್ಸ್ ರೂಪಿಸಿದ ರಾಜಿ ಸೂತ್ರದಂತೆ 2022ರ ಜುಲೈನಲ್ಲಿ ಮಾತುಕತೆ ವಿಧಿವತ್ತಾಗಿ ಆರಂಭವಾಯಿತಾದರೂ, ಸಂವಿಧಾನದಲ್ಲಿ ಬಲ್ಗೇರಿಯನ್ನರನ್ನು ಒಂದು ಜನಸಮುದಾಯವಾಗಿ ಹೆಸರಿಸಿದ ಬಳಿಕವೇ ಗುಚ್ಛಗಳು ತೆರೆಯುತ್ತವೆ ಎಂಬ ಷರತ್ತು ಸೇರಿಕೊಂಡಿತು. ಈ ತಿದ್ದುಪಡಿಗೆ ಮೂರನೆಯ ಎರಡರಷ್ಟು ಬಹುಮತ ಬೇಕು. 2024ರ ಮೇ ತಿಂಗಳ ಚುನಾವಣೆಯಲ್ಲಿ ಗೆದ್ದ ಪಕ್ಷವು ಈ ಷರತ್ತನ್ನು ಇದ್ದ ರೂಪದಲ್ಲಿ ಒಪ್ಪಲು ಸಿದ್ಧವಿಲ್ಲ. ಒಂದು ಜನಾಂಗದ ಭಾಷೆ ಯಾವುದೆಂಬ ಪ್ರಶ್ನೆಗೆ ಮೀನುಗಾರಿಕೆಯ ನಿಯಮಗಳಂತೆ ಸಂಧಾನದ ಮೇಜಿನ ಮೇಲೆ ಉತ್ತರ ಸಿಗುವುದು ಕಷ್ಟ.

ಇತರ ಬಾಲ್ಕನ್ ರಾಷ್ಟ್ರಗಳು

2003ರ ಜೂನ್‌ನಲ್ಲಿ ಗ್ರೀಸಿನ ಥೆಸಲೊನೀಕಿಯಲ್ಲಿ ನಡೆದ ಶೃಂಗಸಭೆಯು ಪಶ್ಚಿಮ ಬಾಲ್ಕನ್ ದೇಶಗಳ ಭವಿಷ್ಯ ಒಕ್ಕೂಟದೊಳಗಿದೆ ಎಂದು ಘೋಷಿಸಿತು. ಅಂದಿನಿಂದ ಇಂದಿನವರೆಗೆ ಅವುಗಳಲ್ಲಿ ಒಳಗೆ ಬಂದದ್ದು ಕ್ರೊಯೇಷಿಯಾ ಒಂದೇ.

ಮಾಂಟೆನೆಗ್ರೊ: ಸುಮಾರು ಆರು ಲಕ್ಷ ಜನಸಂಖ್ಯೆಯ ಈ ಪುಟ್ಟ ದೇಶವು 2006ರ ಜನಮತಗಣನೆಯಲ್ಲಿ ಶೇ. 55.5ರಷ್ಟು ಮತಗಳಿಂದ ಸರ್ಬಿಯಾದೊಂದಿಗಿನ ಸಂಬಂಧ ಕಡಿದುಕೊಂಡು ಸ್ವತಂತ್ರವಾಯಿತು. ಬೇಕಾಗಿದ್ದ ಕನಿಷ್ಠ ಪ್ರಮಾಣ ಶೇ. 55. 2012ರ ಜೂನ್‌ನಲ್ಲಿ ಮಾತುಕತೆ ಆರಂಭಿಸಿ, 2020ರ ಹೊತ್ತಿಗೆ ಪರಿಶೀಲನೆಗೆ ಒಳಪಟ್ಟ 33 ಅಧ್ಯಾಯಗಳನ್ನೂ ತೆರೆದಿತ್ತು. 2024ರ ಅಂತ್ಯಕ್ಕೆ ಆರು ಅಧ್ಯಾಯಗಳು ತಾತ್ಕಾಲಿಕವಾಗಿ ಮುಚ್ಚಿದ್ದವು. ಒಕ್ಕೂಟದ ಸದಸ್ಯನಲ್ಲದಿದ್ದರೂ ಯೂರೊವನ್ನೇ ತನ್ನ ನಾಣ್ಯವಾಗಿ ಬಳಸುತ್ತಿದೆ. 2028ರಲ್ಲಿ ಸದಸ್ಯನಾಗುವುದು ಅದರ ಗುರಿ.

ಅಲ್ಬೇನಿಯಾ: 2009ರಲ್ಲಿ ಅರ್ಜಿ ಸಲ್ಲಿಸಿ 2014ರಲ್ಲಿ ಅಭ್ಯರ್ಥಿಯಾಯಿತು. ಉತ್ತರ ಮ್ಯಾಸಿಡೋನಿಯಾದ ಜೊತೆಗೆ ಇದರ ಕಡತವನ್ನೂ ಕಟ್ಟಿಹಾಕಿದ್ದರಿಂದ ತನ್ನದಲ್ಲದ ವಿವಾದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ಎರಡನ್ನೂ ಬೇರ್ಪಡಿಸಿದ ಬಳಿಕ 2024ರ ಅಕ್ಟೋಬರ್ 15ರಂದು ಮೊದಲ ಗುಚ್ಛ ತೆರೆಯಿತು. ನಂತರದ ವೇಗ ಗಮನಾರ್ಹ. 2016ರ ನ್ಯಾಯಾಂಗ ಸುಧಾರಣೆಯಡಿ ಎಲ್ಲ ನ್ಯಾಯಾಧೀಶರ ಮತ್ತು ಸರ್ಕಾರಿ ಅಭಿಯೋಜಕರ ಆಸ್ತಿ ಹಾಗೂ ಹಿನ್ನೆಲೆಯನ್ನು ತಪಾಸಣೆಗೆ ಒಳಪಡಿಸಲಾಯಿತು. ಬಹಳಷ್ಟು ಮಂದಿ ಅದರಲ್ಲಿ ಹುದ್ದೆ ಕಳೆದುಕೊಂಡರು ಇಲ್ಲವೇ ತಾವಾಗಿ ರಾಜೀನಾಮೆ ನೀಡಿದರು.

ಸರ್ಬಿಯಾ: 2012ರಿಂದ ಅಭ್ಯರ್ಥಿ, 2014ರ ಜನವರಿಯಲ್ಲಿ ಮಾತುಕತೆ ಆರಂಭವಾಯಿತು. 35 ಅಧ್ಯಾಯಗಳಲ್ಲಿ 22 ತೆರೆದಿದ್ದು ಎರಡು ಮಾತ್ರ ತಾತ್ಕಾಲಿಕವಾಗಿ ಮುಚ್ಚಿವೆ. ಮುಖ್ಯ ಅಡಚಣೆ ಎರಡು. 2008ರ ಫೆಬ್ರುವರಿ 17ರಂದು ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊವನ್ನು ಸರ್ಬಿಯಾ ಮಾನ್ಯ ಮಾಡಿಲ್ಲ. ಕೊಸೊವೊದೊಂದಿಗಿನ ಸಂಬಂಧ ಸುಧಾರಣೆಯು ಅದರ ಮಾತುಕತೆಯ ಒಂದು ಭಾಗವೇ ಆಗಿದೆ. ಎರಡನೆಯದಾಗಿ, ಉಕ್ರೇನ್ ಯುದ್ಧದ ನಂತರ ರಷ್ಯಾದ ಮೇಲೆ ಒಕ್ಕೂಟ ಹೇರಿದ ನಿರ್ಬಂಧಗಳಲ್ಲಿ ಸರ್ಬಿಯಾ ಕೈಜೋಡಿಸಿಲ್ಲ.

ಬೋಸ್ನಿಯಾ ಮತ್ತು ಹರ್ಜೆಗೊವಿನಾ: 1995ರ ಡೇಟನ್ ಶಾಂತಿ ಒಪ್ಪಂದವು ಯುದ್ಧವನ್ನು ನಿಲ್ಲಿಸಿತು, ಆದರೆ ಎರಡು ಘಟಕಗಳಾಗಿ ಹಂಚಿಹೋದ, ಬೋಸ್ನಿಯಾಕ್, ಸರ್ಬ್ ಮತ್ತು ಕ್ರೊಯಾಟ್ ಎಂಬ ಮೂವರು ಸದಸ್ಯರ ಅಧ್ಯಕ್ಷಮಂಡಳಿಯುಳ್ಳ ರಾಜ್ಯವನ್ನು ಉಳಿಸಿತು. ಈ ಮೂರು ಸಮುದಾಯಗಳಿಗೆ ಸೇರದ ಪ್ರಜೆ ಅಧ್ಯಕ್ಷಮಂಡಳಿಗೆ ಸ್ಪರ್ಧಿಸುವಂತಿಲ್ಲ. ಒಬ್ಬ ರೋಮಾ ಮತ್ತು ಒಬ್ಬ ಯೆಹೂದಿ ಪ್ರಜೆ ಹೂಡಿದ ಸೆಯ್ದಿಚ್–ಫಿಂಚಿ ಪ್ರಕರಣದಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2009ರಲ್ಲಿ ಇದನ್ನು ತಾರತಮ್ಯವೆಂದು ತೀರ್ಪಿತ್ತಿತು. ಆ ತೀರ್ಪಿಗೆ ತಕ್ಕಂತೆ ಸಂವಿಧಾನ ಇನ್ನೂ ಬದಲಾಗಿಲ್ಲ. ದೇಶಕ್ಕೆ 2022ರ ಡಿಸೆಂಬರ್‌ನಲ್ಲಿ ಅಭ್ಯರ್ಥಿಯ ಸ್ಥಾನ ದೊರೆಯಿತು.

ಕೊಸೊವೊ: 2022ರ ಡಿಸೆಂಬರ್‌ನಲ್ಲಿ ಅರ್ಜಿ ಸಲ್ಲಿಸಿತು. ಸ್ಪೇನ್, ಗ್ರೀಸ್, ಸೈಪ್ರಸ್, ರೊಮೇನಿಯಾ ಮತ್ತು ಸ್ಲೊವಾಕಿಯಾ ಅದನ್ನು ದೇಶವೆಂದೇ ಮಾನ್ಯ ಮಾಡಿಲ್ಲ.

ಟರ್ಕಿ

ಪಟ್ಟಿಯಲ್ಲಿ ಅತಿ ಹಳೆಯ ಅಭ್ಯರ್ಥಿ ಟರ್ಕಿ. 1963ರ ಅಂಕಾರಾ ಒಪ್ಪಂದವೇ ಮುಂದೊಂದು ದಿನ ಸದಸ್ಯತ್ವ ಸಾಧ್ಯವೆಂದು ಸೂಚಿಸಿತ್ತು. 1987ರ ಏಪ್ರಿಲ್ 14ರಂದು ಅರ್ಜಿ, 1995ರ ಕೊನೆಗೆ ಸುಂಕ ಒಕ್ಕೂಟ, 1999ರ ಹೆಲ್ಸಿಂಕಿ ಸಭೆಯಲ್ಲಿ ಅಭ್ಯರ್ಥಿಯ ಸ್ಥಾನ, 2005ರ ಅಕ್ಟೋಬರ್ 3ರಂದು ಮಾತುಕತೆ. ತೆರೆದದ್ದು 16 ಅಧ್ಯಾಯ. ಮುಚ್ಚಿದ್ದು ವಿಜ್ಞಾನ ಮತ್ತು ಸಂಶೋಧನೆಯ ಒಂದೇ ಅಧ್ಯಾಯ.

ಕಾರಣಗಳು ಹಲವು. 2004ರಲ್ಲಿ ಇಬ್ಭಾಗವಾಗಿದ್ದ ಸ್ಥಿತಿಯಲ್ಲಿಯೇ ಸೈಪ್ರಸ್ ಒಕ್ಕೂಟವನ್ನು ಸೇರಿತು. ಅದರ ಹಡಗು ಮತ್ತು ವಿಮಾನಗಳಿಗೆ ಟರ್ಕಿ ತನ್ನ ಬಂದರು, ನಿಲ್ದಾಣಗಳನ್ನು ತೆರೆಯದ ಕಾರಣ 2006ರ ಡಿಸೆಂಬರ್‌ನಲ್ಲಿ ಎಂಟು ಅಧ್ಯಾಯಗಳನ್ನು ಸ್ಥಗಿತಗೊಳಿಸಲಾಯಿತು. 2016ರ ಜುಲೈನ ವಿಫಲ ಕ್ಷಿಪ್ರಕ್ರಾಂತಿಯ ನಂತರ ನಡೆದ ಸಾಮೂಹಿಕ ಬಂಧನ ಮತ್ತು ವಜಾಗಳು, 2017ರಲ್ಲಿ ಅಧ್ಯಕ್ಷೀಯ ಪದ್ಧತಿಗೆ ಬದಲಾದದ್ದು ಅಂತರವನ್ನು ಹೆಚ್ಚಿಸಿದವು. 2018ರ ಜೂನ್‌ನಲ್ಲಿ ಮಾತುಕತೆ ಸ್ತಬ್ಧವಾಗಿದೆಯೆಂದು ಒಕ್ಕೂಟವೇ ದಾಖಲಿಸಿತು. ಬಹಿರಂಗವಾಗಿ ಕಡಿಮೆ ಕೇಳಿಬರುವ ಇನ್ನೊಂದು ಲೆಕ್ಕವೂ ಇದೆ. ಒಕ್ಕೂಟದ ಮಂತ್ರಿಮಂಡಳಿಯ ಮತದಾನದಲ್ಲಿ ಜನಸಂಖ್ಯೆಗೆ ತೂಕವಿದೆ. ಎಂಟು ಕೋಟಿಗೂ ಮೀರಿದ ಜನಸಂಖ್ಯೆಯ ಟರ್ಕಿ ಒಳಬಂದರೆ ಜರ್ಮನಿಗೆ ಸರಿಸಮನಾಗಿ ನಿಲ್ಲುತ್ತದೆ.

ಉಕ್ರೇನ್, ಮಾಲ್ಡೋವಾ, ಜಾರ್ಜಿಯಾ

2013ರ ನವೆಂಬರ್‌ನಲ್ಲಿ ಉಕ್ರೇನಿನ ಅಧ್ಯಕ್ಷ ವಿಕ್ಟರ್ ಯಾನುಕೊವಿಚ್ ಒಕ್ಕೂಟದೊಂದಿಗಿನ ಸಹಯೋಗ ಒಪ್ಪಂದಕ್ಕೆ ಸಹಿ ಹಾಕಲು ಹಿಂಜರಿದಾಗ ಕೀವ್ ನಗರದ ಮೈದಾನ್ ಚೌಕದಲ್ಲಿ ಜನರು ಸೇರತೊಡಗಿದರು. ನೂರಾರು ಪುಟಗಳ ವ್ಯಾಪಾರ ಒಪ್ಪಂದವೊಂದಕ್ಕಾಗಿ ಜನರು ಚಳಿಗಾಲವಿಡೀ ಬೀದಿಯಲ್ಲಿ ನಿಂತದ್ದು, ಕೆಲವರು ಪ್ರಾಣ ತೆತ್ತದ್ದು ಇತಿಹಾಸದಲ್ಲಿ ಅಪರೂಪ. 2014ರ ಫೆಬ್ರುವರಿಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಬೆನ್ನಿಗೇ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಿತು.

2022ರ ಫೆಬ್ರುವರಿ 24ರಂದು ರಷ್ಯಾದ ಪೂರ್ಣ ಪ್ರಮಾಣದ ಆಕ್ರಮಣ ಆರಂಭವಾಗಿ ನಾಲ್ಕು ದಿನಗಳಲ್ಲಿ ಉಕ್ರೇನ್ ಅರ್ಜಿ ಸಲ್ಲಿಸಿತು. ಮಾರ್ಚ್ 3ರಂದು ಮಾಲ್ಡೋವಾ ಮತ್ತು ಜಾರ್ಜಿಯಾ ಅದನ್ನೇ ಅನುಸರಿಸಿದವು. ಜೂನ್ 23ರಂದು ಉಕ್ರೇನ್ ಮತ್ತು ಮಾಲ್ಡೋವಾ ಅಭ್ಯರ್ಥಿಗಳಾದವು. ಬೋಸ್ನಿಯಾ ಆರಕ್ಕೂ ಹೆಚ್ಚು ವರ್ಷ ಕಾದದ್ದನ್ನು ಇವು ನಾಲ್ಕು ತಿಂಗಳೊಳಗೆ ಪಡೆದವು. 2023ರ ಡಿಸೆಂಬರ್ 14ರಂದು ಮಾತುಕತೆಗೆ ಒಪ್ಪಿಗೆ ನೀಡುವಾಗ ವಿರೋಧಿಯಾಗಿದ್ದ ಹಂಗರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಸಭಾಂಗಣದಿಂದ ಹೊರಗೆ ಹೋಗಿದ್ದರು. ಉಳಿದ 26 ನಾಯಕರು ತೀರ್ಮಾನ ಕೈಗೊಂಡರು. 2024ರ ಜೂನ್ 25ರಂದು ಮಾತುಕತೆ ಆರಂಭವಾಯಿತಾದರೂ ಹಂಗರಿಯ ಆಕ್ಷೇಪದಿಂದ 2025ರಲ್ಲಿ ಉಕ್ರೇನಿಗೆ ಗುಚ್ಛಗಳು ತೆರೆಯಲಿಲ್ಲ. ಉಕ್ರೇನ್ ದೊಡ್ಡ ಕೃಷಿ ದೇಶವಾಗಿರುವುದರಿಂದ ಒಕ್ಕೂಟದ ರೈತ ಸಹಾಯಧನದ ಹಂಚಿಕೆ ಏರುಪೇರಾಗುವುದೆಂಬ ಭಯವೂ ಇದೆ. 2023ರಲ್ಲಿ ಪೋಲೆಂಡಿನ ರೈತರು ಉಕ್ರೇನಿನ ಧಾನ್ಯದ ವಿರುದ್ಧ ಪ್ರತಿಭಟಿಸಿದ್ದು ಇದರ ಮುನ್ಸೂಚನೆ.

ಅಭ್ಯರ್ಥಿಯ ಸ್ಥಾನ ಬರಿಯ ಕಾಗದವಲ್ಲ ಎಂಬುದಕ್ಕೆ 2025ರ ಜುಲೈನ ಘಟನೆ ಉದಾಹರಣೆ. ಭ್ರಷ್ಟಾಚಾರ ತನಿಖೆಯ ಎರಡು ಸಂಸ್ಥೆಗಳ ಸ್ವಾಯತ್ತತೆಯನ್ನು ಮೊಟಕುಗೊಳಿಸುವ ಕಾಯ್ದೆಗೆ ಉಕ್ರೇನ್ ಅಂಗೀಕಾರ ನೀಡಿತು. ಯುದ್ಧದ ನಡುವೆಯೂ ಯುವಜನರು ಬೀದಿಗಿಳಿದರು, ಒಕ್ಕೂಟ ಎಚ್ಚರಿಸಿತು. ಹತ್ತು ದಿನ ಕಳೆಯುವುದರೊಳಗೆ ಹೊಸ ಕಾಯ್ದೆಯ ಮೂಲಕ ಸ್ವಾಯತ್ತತೆಯನ್ನು ಮರಳಿ ನೀಡಲಾಯಿತು.

ಮಾಲ್ಡೋವಾದಲ್ಲಿ 2024ರ ಅಕ್ಟೋಬರ್ 20ರಂದು ಒಕ್ಕೂಟ ಸೇರುವ ಗುರಿಯನ್ನು ಸಂವಿಧಾನದಲ್ಲಿ ಬರೆಯಬೇಕೇ ಎಂಬ ಜನಮತಗಣನೆ ನಡೆಯಿತು. ‘ಹೌದು’ ಎಂದವರು ಶೇ. 50ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ವಿದೇಶಗಳಲ್ಲಿ ದುಡಿಯುತ್ತಿರುವ ಪ್ರಜೆಗಳ ಮತಗಳೇ ನಿರ್ಣಾಯಕವಾದವು. ದೇಶದ ಪೂರ್ವ ಅಂಚಿನ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಇಂದಿಗೂ ರಷ್ಯಾದ ಸೈನಿಕರಿದ್ದಾರೆ.

ಜಾರ್ಜಿಯಾದ ದಾರಿ ತಿರುಗಿ ಹೋಯಿತು. 2023ರ ಡಿಸೆಂಬರ್‌ನಲ್ಲಿ ಅಭ್ಯರ್ಥಿಯ ಸ್ಥಾನ ದೊರೆತ ಸುಮಾರು ಆರು ತಿಂಗಳಲ್ಲಿ ‘ವಿದೇಶಿ ಪ್ರಭಾವ’ದ ಕುರಿತ ಕಾಯ್ದೆಯಿಂದಾಗಿ ಪ್ರಕ್ರಿಯೆ ಸ್ಥಗಿತಗೊಂಡಿತು. 2024ರ ನವೆಂಬರ್ 28ರಂದು ಪ್ರಧಾನಿ ಇರಾಕ್ಲಿ ಕೊಬಾಖಿಡ್ಜೆ, 2028ರ ಅಂತ್ಯದವರೆಗೆ ಮಾತುಕತೆಯ ವಿಷಯವನ್ನೇ ಎತ್ತುವುದಿಲ್ಲವೆಂದು ಪ್ರಕಟಿಸಿದರು. ಅಂದು ರಾತ್ರಿಯೇ ತಿಬಿಲಿಸಿಯಲ್ಲಿ ಆರಂಭವಾದ ಪ್ರತಿಭಟನೆಗಳು ತಿಂಗಳುಗಟ್ಟಲೆ ನಡೆದವು. ಒಕ್ಕೂಟವನ್ನು ಸೇರಲು ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕೆಂದು ಆ ದೇಶದ ಸಂವಿಧಾನದ 78ನೆಯ ವಿಧಿ ಹೇಳುತ್ತದೆ.

ಪೂರ್ವ ಪ್ರವೇಶ ನೆರವು

ಸುಧಾರಣೆಗಳಿಗೆ ಒಕ್ಕೂಟವು ಹಣವನ್ನೂ ಒದಗಿಸುತ್ತದೆ. ಪೂರ್ವ ಪ್ರವೇಶ ನೆರವಿನ 2021–27ರ ಅವಧಿಯ ಮೊತ್ತ ಸುಮಾರು 1,400 ಕೋಟಿ ಯೂರೊ. ಪಶ್ಚಿಮ ಬಾಲ್ಕನ್ ದೇಶಗಳಿಗೆ 2024–27ರ ಅವಧಿಗೆ 600 ಕೋಟಿ, ಉಕ್ರೇನಿಗೆ ಅದೇ ಅವಧಿಗೆ 5,000 ಕೋಟಿ ಯೂರೊವರೆಗಿನ ಪ್ರತ್ಯೇಕ ಯೋಜನೆಗಳಿವೆ. ಇವುಗಳಲ್ಲಿ ಸಾಲವೂ ಸೇರಿದೆ. ಹಣದ ಬಿಡುಗಡೆ ಒಪ್ಪಿಕೊಂಡ ಸುಧಾರಣೆಗಳಿಗೆ ತಳುಕು ಹಾಕಿಕೊಂಡಿದೆ.

ಹಿಂದೆ ಸರಿದ ದೇಶಗಳು

ಕಾಯಿಸಿಕೊಂಡವರಂತೆ ಬೇಡವೆಂದವರೂ ಇದ್ದಾರೆ. ನಾರ್ವೆ ಎರಡು ಬಾರಿ ಮಾತುಕತೆಗಳನ್ನು ಪೂರ್ಣಗೊಳಿಸಿತು. 1972 ಮತ್ತು 1994ರ ಜನಮತಗಣನೆಗಳಲ್ಲಿ ಅಲ್ಲಿನ ಜನರೇ ಸದಸ್ಯತ್ವವನ್ನು ನಿರಾಕರಿಸಿದರು. ಸ್ವಿಟ್ಜರ್‌ಲ್ಯಾಂಡ್ 1992ರ ಮೇ ತಿಂಗಳಲ್ಲಿ ಸಲ್ಲಿಸಿದ ಅರ್ಜಿಯು ಅದೇ ವರ್ಷದ ಡಿಸೆಂಬರ್‌ನ ಜನಮತಗಣನೆಯ ಬಳಿಕ ಮೂಲೆ ಸೇರಿ, 2016ರಲ್ಲಿ ಅಧಿಕೃತವಾಗಿ ಹಿಂತೆಗೆದುಕೊಳ್ಳಲ್ಪಟ್ಟಿತು. ಬ್ಯಾಂಕುಗಳ ಕುಸಿತದ ಬೆನ್ನಿಗೆ 2009ರಲ್ಲಿ ಅರ್ಜಿ ಹಾಕಿದ ಐಸ್‌ಲ್ಯಾಂಡ್ 2010ರಲ್ಲಿ ಮಾತುಕತೆ ಆರಂಭಿಸಿತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತುಹೋಯಿತು; ತನ್ನನ್ನು ಇನ್ನು ಮುಂದೆ ಅಭ್ಯರ್ಥಿಯೆಂದು ಪರಿಗಣಿಸಬಾರದೆಂದು 2015ರ ಮಾರ್ಚ್‌ನಲ್ಲಿ ಆ ದೇಶ ಪತ್ರ ಬರೆಯಿತು.